ಆಟಿ ಅಂದ್ರೆ ಬಫೆ ಊಟ ಅಲ್ಲ

ಸಂಪಾದಕರೇ,

ಆಟಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ತುಳುವರ ಮಳೆಗಾಲದ ತಿಂಗಳು) ಬಂತು ಅಂದ್ರೆ ಉಡುಪಿ, ಮಂಗಳೂರಿನ ಹಾಲ್‌ಗಳಲ್ಲಿ ಊಟದ ಗಮ್ಮತ್ತು ಶುರು. ತಪ್ಪೇನಿಲ್ಲ, ನಾನೂ ಹೋಗಿ ಪತ್ರೊಡೆ ಎರಡೆರಡು ಸಲ ಹಾಕಿಸಿಕೊಳ್ಳುತ್ತೇನೆ. ಆದರೆ ಅಲ್ಲಿ ಸಾಲಾಗಿಟ್ಟ ಪಾತ್ರೆಗಳನ್ನು ನೋಡುವಾಗ ಅಜ್ಜಿ ನೆನಪಾಗಿ ನಗು ಬರುತ್ತದೆ, ಯಾಕಂದ್ರೆ ಮಲ್ಪೆಯ ನಮ್ಮ ಮನೆಯಲ್ಲಿ ಆಟಿ ಅಂದರೆ ಅಕ್ಕಿ ಡಬ್ಬ ತಳ ಕಾಣುವ ತಿಂಗಳು. ದೋಣಿ ಕಡಲಿಗೆ ಇಳಿಯುತ್ತಿರಲಿಲ್ಲ (ಯಾಂತ್ರಿಕ ದೋಣಿಗಳಿಗೆ ಈಗಲೂ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇದೆಯಲ್ಲ). ನಾಟಿ ಮುಗಿದು ಕೂಲಿಯೂ ಇಲ್ಲ. ಭರಣಿಯಲ್ಲಿ ಉಪ್ಪು ಹಾಕಿಟ್ಟ ಹಲಸಿನ ಸೊಳೆ, ಹಿತ್ತಲಿನ ತಜಂಕ್ ಸೊಪ್ಪು, ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು, ಅಷ್ಟೇ. ಅಜ್ಜಿ ಒಂದು ಒಣ ಬಂಗುಡೆಯನ್ನು ಕೆಂಡದಲ್ಲಿ ಸುಟ್ಟು, ನಾಲ್ಕು ತುಂಡು ಮಾಡಿ, ನಾಲ್ಕು ಮಕ್ಕಳ ಗಂಜಿ ಬಟ್ಟಲಿನ ಅಂಚಿಗೆ ಇಡುತ್ತಿದ್ದರು. ತಲೆ ಸಿಕ್ಕಿದವನು ಅಳುತ್ತಿದ್ದ. ಹೆಚ್ಚಾಗಿ ಅದು ನಾನೇ.

ಆಟಿ ಅಮಾವಾಸ್ಯೆಯ ದಿನ ಸೋದರಮಾವ ಬೆಳಕು ಹರಿಯುವ ಮೊದಲೇ ಹೋಗಿ ಹಾಲೆ ಮರದ ತೊಗಟೆಯನ್ನು ಕಲ್ಲಿನಲ್ಲಿ ಜಜ್ಜಿ ತರುತ್ತಿದ್ದರು. ಕತ್ತಿ ತಾಗಿಸುವ ಹಾಗಿಲ್ಲ. ಆ ತೊಗಟೆಯ ಕಹಿ ಕಷಾಯವನ್ನು ಮದ್ದು ಅಂತ ಕುಡಿದ ಮೇಲೆ ಮೆಂತೆ ಗಂಜಿ, ಬೆಲ್ಲದ ಚೂರು. ಈಗ ಎಷ್ಟು ಜನರಿಗೆ ಆ ಮರದ ಗುರುತಿದೆ? ಕತ್ತಲಲ್ಲಿ ತಪ್ಪಿ ಕಾಸರಕದ ತೊಗಟೆ ತಂದರೆ ಅದು ವಿಷ, ಜೀವಕ್ಕೇ ಅಪಾಯ. ಆಟಿ ಕೂಟ ಮಾಡುವವರು ಊಟಕ್ಕೆ ಮೊದಲು ಮಕ್ಕಳನ್ನು ಕರೆದುಕೊಂಡು ಹೋಗಿ, ಹಗಲಿನಲ್ಲೇ, ಹಾಲೆ ಮರವನ್ನೊಮ್ಮೆ ತೋರಿಸಿಬಿಡಿ.

– ಒಬ್ಬ ಓದುಗ, ಉಡುಪಿ