ಆ ತಲೆಬರಹ ಬದಲಿಸು

ಪ್ರೀತಿಯ ತಂಗೀ,

ಅಮೆರಿಕದ ಉಪಾಧ್ಯಕ್ಷೆಯಾಗಿದ್ದ ಕಮಲಾ ಹ್ಯಾರಿಸ್ ಬಗ್ಗೆ ನೀನು ಬರೆದ ಲೇಖನ ಎರಡು ಸಲ ಓದಿದೆ. ಎಲ್ಲೂ ನಿಲ್ಲಿಸದೆ ಓದಿಸಿಕೊಂಡು ಹೋಗುತ್ತದೆ. ಆದರೆ ತಲೆಬರಹ ನೋಡಿಯೇ ಕಸಿವಿಸಿ ಆಯಿತು. 'ಕಮಲಾ ಅಸಲಿ ಕಪ್ಪು ಮಹಿಳೆಯೇ?' ಅಂತ ಕೇಳಿದ್ದೀಯ. ಒಳಗೆ ಮೂರು ಕಡೆ 'ಬೆರಕೆ' ಅಂದಿದ್ದೀಯ. ಬೆರಕೆ ಅಂದ ಕೂಡಲೇ ನಮ್ಮ ಕಿವಿಗೆ ಕಲಬೆರಕೆ ಹಾಲು, ಕಲಬೆರಕೆ ಎಣ್ಣೆ ಕೇಳಿಸುತ್ತದೆ. ಮನುಷ್ಯರಿಗೆ ಆ ಪದ ಬೇಡ. ತಂದೆ ಜಮೈಕಾದ ಕಪ್ಪು ಜನರವರು, ತಾಯಿ ತಮಿಳರು ಅಂತ ನೇರವಾಗಿ ಬರೆದರೆ ಸಾಕು.

2024ರ ಜುಲೈ 31ರಂದು ಷಿಕಾಗೋದ ಕಪ್ಪು ಪತ್ರಕರ್ತರ ಸಮಾವೇಶದಲ್ಲಿ ಅಧ್ಯಕ್ಷ ಚುನಾವಣೆಯಲ್ಲಿ ಆಕೆಗೆ ಎದುರಾಳಿಯಾಗಿದ್ದ ಟ್ರಂಪ್ ಆಡಿದ ಮಾತು ನಿನ್ನ ಲೇಖನದಲ್ಲಿದೆ. ಆಕೆ ಮೊದಲು ಭಾರತೀಯಳೆಂದೇ ಹೇಳಿಕೊಳ್ಳುತ್ತಿದ್ದರು, ಆಮೇಲೆ ಇದ್ದಕ್ಕಿದ್ದಂತೆ ಕಪ್ಪಾದರು ಅನ್ನುವ ಮಾತು. ಅದರ ಕೆಳಗೆ 'ಇದು ಚರ್ಚೆಯ ವಿಷಯ' ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಯಾಕಮ್ಮಾ? ಅದು ನಿಜವೋ ಸುಳ್ಳೋ ಅಂತ ನೋಡಬಹುದಿತ್ತಲ್ವಾ? ಆಕೆ ಓದಿದ್ದು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಕಪ್ಪು ಜನರ ಓದಿಗೆ ತಲೆಮಾರುಗಳಿಂದ ಹೆಸರಾದ ಜಾಗ ಅದು. ಅಲ್ಲೇ ಕಪ್ಪು ವಿದ್ಯಾರ್ಥಿನಿಯರ ಹಳೆಯ ಸಂಘ ಆಲ್ಫಾ ಕಪ್ಪಾ ಆಲ್ಫಾ ಸೇರಿದರು. 1986ರಲ್ಲಿ ಪದವಿ ಮುಗಿಸಿದರು. ಆಗ ಯಾರ ಓಟು ಕೇಳಬೇಕಿತ್ತು? ಈ ನಾಲ್ಕು ಸಾಲು ಆ ಮಾತಿನ ಪಕ್ಕದಲ್ಲೇ ಬರಬೇಕು. ಕೊನೆಯ ಪುಟದಲ್ಲಲ್ಲ.

ಹಿಂದಿನ ಕಥೆಯನ್ನೂ ಸ್ವಲ್ಪ ಹೇಳು. 1924ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಕಾನೂನು, ಕಪ್ಪು ರಕ್ತದ ಸುಳಿವು ಒಂದಿಷ್ಟು ಇದ್ದರೂ ಅವರು ಬಿಳಿಯರಲ್ಲ ಅಂದಿತ್ತು. ಕಪ್ಪು ಬಿಳಿ ಮದುವೆ ಅಲ್ಲಿ ಅಪರಾಧವಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದ್ದು 1967ರಲ್ಲಿ. ಒಬಾಮಾ ಹುಟ್ಟಿದ್ದು 1961ರಲ್ಲಿ, ಹೊನೊಲುಲುವಿನಲ್ಲಿ. ಅವರ ಕಪ್ಪು ಅಪ್ಪ, ಬಿಳಿ ಅಮ್ಮ ಆಗ ವರ್ಜೀನಿಯಾದಲ್ಲಿ ಮದುವೆ ಆಗುವಂತೆಯೇ ಇರಲಿಲ್ಲ. ನೋಡು, ಆಗ ಒಂದು ಹನಿ ರಕ್ತ ಸಾಕಾಗಿತ್ತು. ಈಗ ಅಪ್ಪನೇ ಕಪ್ಪು ಮನುಷ್ಯನಾದರೂ ಸಾಲದು ಅನ್ನುತ್ತಾರೆ. ಅಳೆಯುವವರು ತಮಗೆ ಬೇಕಾದಂತೆ ಸೇರು ಬದಲಿಸುತ್ತಾರೆ. ನಿನ್ನ ಲೇಖನದ ಜೀವ ಇರುವುದು ಇಲ್ಲಿ. ಇದನ್ನು ಎರಡು ಸಾಲಿನಲ್ಲಿ ಮುಗಿಸಬೇಡ.

2010ರ ಜನಗಣತಿಯಲ್ಲಿ ಒಬಾಮಾ ಏನು ಮಾಡಿದರು ಗೊತ್ತಾ? ಜನಾಂಗ ಯಾವುದು ಅನ್ನುವಲ್ಲಿ ಒಂದಕ್ಕಿಂತ ಜಾಸ್ತಿ ಚೌಕ ಗುರುತು ಮಾಡಲು 2000ದಿಂದಲೇ ಅವಕಾಶ ಇತ್ತು. ಅವರನ್ನು ಹೆತ್ತದ್ದು ಬಿಳಿ ತಾಯಿ, ಜೊತೆಗಿದ್ದು ಬೆಳೆಸಿದ್ದು ಬಿಳಿ ಅಜ್ಜ ಅಜ್ಜಿ. ಆದರೂ ಅವರು ಗುರುತು ಹಾಕಿದ್ದು ಕಪ್ಪು ಜನರ ಚೌಕ ಒಂದಕ್ಕೇ. ಅಮ್ಮನನ್ನು ಮರೆತರು ಅಂತ ಕೆಲವರು ಬೇಜಾರು ಮಾಡಿಕೊಂಡರು. ನನಗೆ ಹಾಗೆ ಅನಿಸುವುದಿಲ್ಲ. ದಿನಾ ಬೀದಿಗೆ ಇಳಿದಾಗ ಜಗತ್ತು ತನ್ನನ್ನು ಏನೆಂದು ನೋಡುತ್ತದೆ ಅನ್ನುವುದು ಆ ಮನುಷ್ಯನಿಗೇ ಗೊತ್ತು.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ. ಕಮಲಾ ಅವರ ಅಜ್ಜನ ಊರು ತಮಿಳುನಾಡಿನ ತುಳಸೇಂದ್ರಪುರಂ. ಅಲ್ಲಿನ ದೇವಸ್ಥಾನಕ್ಕೆ ಕಾಣಿಕೆ ಕೊಟ್ಟವರ ಹೆಸರು ಕೆತ್ತಿದ ಕಲ್ಲಿನಲ್ಲಿ ಕಮಲಾ ಹೆಸರೂ ಇದೆ. ಅದನ್ನು ಬರೆದದ್ದು ಚೆಂದ. ಆದರೆ ಅಲ್ಲಿಂದ 'ಆಕೆ ನಿಜವಾಗಿ ನಮ್ಮ ಹುಡುಗಿ' ಅಂತ ಜಿಗಿದೆಯಲ್ಲ, ಅಲ್ಲಿ ನೀನೂ ಅದೇ ತಕ್ಕಡಿ ಹಿಡಿದೆ. ಟ್ರಂಪ್ ಆಕೆಯನ್ನು ಅಪ್ಪನಿಂದ ಕಿತ್ತರು, ನೀನು ಪ್ರೀತಿಯಿಂದಲೇ ಕಿತ್ತೆ.

ಆಕೆಯನ್ನು ಪ್ರಶ್ನಿಸಲೇಬಾರದು ಅಂತಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ವಕೀಲೆಯಾಗಿ ಆಕೆ ಮಾಡಿದ ಕೆಲಸವನ್ನು ಕಪ್ಪು ಜನರಲ್ಲೇ ಅನೇಕರು ಟೀಕಿಸಿದರು. ಅದು ಕೆಲಸದ ಬಗ್ಗೆ ಕೇಳುವ ಪ್ರಶ್ನೆ. ಹುಟ್ಟಿನ ಪ್ರಶ್ನೆಯ ಜೊತೆ ಅದನ್ನು ಸೇರಿಸಬೇಡ, ಬೇರೆ ಪ್ಯಾರಾ ಮಾಡು.

ಕಮಲಾ ತಾಯಿ ಶ್ಯಾಮಲಾ ಹತ್ತೊಂಬತ್ತನೇ ವಯಸ್ಸಿಗೆ, 1958ರಲ್ಲಿ, ಒಬ್ಬರೇ ಅಮೆರಿಕದ ಬರ್ಕ್ಲಿಗೆ ಓದಲು ಹೋದರು ಅಂತ ಬರೆದ ಪ್ಯಾರಾ ಮಾತ್ರ ಮುಟ್ಟಬೇಡ, ಹಾಗೇ ಇರಲಿ. ಉಳಿದದ್ದನ್ನು ತಿದ್ದಿ ಕಳಿಸು. ಬಂದ ದಿನವೇ ಓದುತ್ತೇನೆ.

ಇಂತಿ,
ನಿನ್ನ ಅಕ್ಕ