ಅಪ್ಪನಿಗೆ, ಇಂಡಿಯಾನಾ ಜೋನ್ಸ್ ವಿಷಯವಾಗಿ

ಗ್ಲಾಸ್ಗೋ
ಭಾನುವಾರ

ಪ್ರೀತಿಯ ಅಪ್ಪ,

ನಾನು ಇಲ್ಲಿ ಕ್ಷೇಮ. ಮನೆಯಲ್ಲಿ ಎಲ್ಲರೂ ಆರಾಮಾಗಿದ್ದೀರಿ ಅಂದುಕೊಂಡಿದ್ದೇನೆ. ಮಡಿಕೇರಿ ಕಡೆ ಮಳೆ ಬಿಡ್ತಾನೇ ಇಲ್ಲ ಅಂತ ಅಮ್ಮ ಹೇಳಿದರು. ಮೆಣಸಿನ ಬಳ್ಳಿಗೆ ಬೋರ್ಡೋ ಔಷಧಿ ಹೊಡೆಸಿ ಆಯ್ತಾ? ಆಳು ಸಿಕ್ಕಿದರಾ?

ಮೊನ್ನೆ ಫೋನಿನಲ್ಲಿ ನೀವೂ ತಮ್ಮನೂ ಒಟ್ಟಿಗೇ ಮಾತಾಡಿ ನನಗೆ ಬಾಯಿ ತೆರೆಯಲಿಕ್ಕೇ ಬಿಡಲಿಲ್ಲ. ಹಳೇ ಕಾಲದ ವಸ್ತುಗಳನ್ನು ಹುಡುಕಿಕೊಂಡು ಹೋಗುವ ಪ್ರೊಫೆಸರ್ ಇಂಡಿಯಾನಾ ಜೋನ್ಸ್ ಸಿನಿಮಾದ ಆರನೇ ಭಾಗ ಬರಬೇಕು ಅಂತ ನೀವು. ಐದೇ ಜಾಸ್ತಿ ಆಯ್ತು, ಇನ್ನು ಸಾಕು ಅಂತ ಅವನು. ಕೊನೆಗೆ ‘ನೀನೇನಂತೀ?’ ಅಂತ ನೀವು ಕೇಳಿದಿರಿ, ಅಷ್ಟರಲ್ಲಿ ಲೈನ್ ಕಟ್ಟಾಯ್ತು. ನನಗೆ ಹೇಳಲಿಕ್ಕೆ ತುಂಬಾ ಇದೆ. ಅದಕ್ಕೇ ಈ ಕಾಗದ.

ಮೊದಲು ತಮ್ಮನ ಲೆಕ್ಕ. 2023ರಲ್ಲಿ ಬಂದ ಐದನೇ ಭಾಗಕ್ಕೆ ಸುಮಾರು 30 ಕೋಟಿ ಡಾಲರ್ ಖರ್ಚಾಯಿತು. ಪ್ರಪಂಚದ ಎಲ್ಲಾ ಕಡೆಯ ಟಿಕೆಟ್ ಸೇರಿಸಿದರೂ ಬಂದದ್ದು ಸುಮಾರು 38 ಕೋಟಿ. ಅದರಲ್ಲಿ ಅರ್ಧದಷ್ಟು ಥಿಯೇಟರಿನವರಿಗೇ ಹೋಗುತ್ತದೆ. ದುಡ್ಡಿನ ಮಾತಿನಲ್ಲಿ ಅವನು ಸರಿ. ಆದರೆ ಒಂದು ಸಿನಿಮಾ ನಷ್ಟ ಮಾಡಿತು ಅಂದ ಮಾತ್ರಕ್ಕೆ ಆ ಕಥೆ ಮುಗಿಯಿತು ಅನ್ನಲಿಕ್ಕೆ ಆಗುವುದಿಲ್ಲ. ಕಾಫಿಗೆ ರೇಟ್ ಬಿದ್ದ ವರ್ಷ ನಾವು ಗಿಡ ಕಿತ್ತು ಹಾಕಿದ್ದೇವಾ?

ಇನ್ನು ನಿಮ್ಮ ವಾದ. ಕೊನೆಯ ದೃಶ್ಯದಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ಟೋಪಿಯನ್ನು ಒಂದು ಕೈ ಬಂದು ಸರಕ್ಕಂತ ಎಳೆದುಕೊಳ್ಳುತ್ತದಲ್ಲ, ಅದರ ಅರ್ಥ ಮುದುಕ ಜೋನ್ಸ್ ಇನ್ನೂ ಹೊರಡಲಿಕ್ಕೆ ತಯಾರಿದ್ದಾನೆ ಅಂತ ನೀವಂದಿರಿ. ಆ ಕೈ ನೋಡಿ ನನಗೂ ಖುಷಿಯಾಯಿತು ಅಪ್ಪ. ಆದರೆ ಎಲ್ಲಿಗೆ ಹೊರಡಬೇಕು? ನನ್ನ ಪ್ರಶ್ನೆ ಅದೇ.

ನಾನು ವಯಸ್ಸಾದವರ ವಾರ್ಡಿನಲ್ಲಿ ಕೆಲಸ ಮಾಡುವುದು ನಿಮಗೆ ಗೊತ್ತಲ್ಲ. ಎಂಬತ್ತು ದಾಟಿದವರು ಕುರ್ಚಿಯಿಂದ ಏಳುವುದನ್ನು ದಿನಾ ನೋಡುತ್ತೇನೆ. ಮೊದಲು ಕುರ್ಚಿಯ ತುದಿಗೆ ಸರಿಯುತ್ತಾರೆ. ಎರಡೂ ಅಂಗೈ ಊರುತ್ತಾರೆ. ಎದ್ದ ಕೂಡಲೇ ನಡೆಯುವುದಿಲ್ಲ, ತಲೆ ತಿರುಗುವುದು ನಿಲ್ಲಲಿ ಅಂತ ಹಾಗೇ ನಿಲ್ಲುತ್ತಾರೆ. ನಾನು ಕೈ ಚಾಚಿದರೆ ಕೆಲವರು ಬೇಡ ಅಂತ ತಲೆ ಆಡಿಸುತ್ತಾರೆ. ಆಮೇಲೆ ಮೊದಲ ಹೆಜ್ಜೆ. ಅಷ್ಟರಲ್ಲಿ ಇರುವ ಧೈರ್ಯ ಓಡುವ ರೈಲಿನ ಮೇಲೆ ಹೊಡೆದಾಡುವುದರಲ್ಲಿ ಇಲ್ಲ. ಮಾತು ಜಾಸ್ತಿ ಆಯ್ತು ಅನ್ನಿಸಬಹುದು, ಆದರೆ ನಾನು ನಂಬಿರುವುದು ಇದನ್ನೇ.

ಜೋನ್ಸ್ ಪಾತ್ರ ಮಾಡುವ ಹ್ಯಾರಿಸನ್ ಫೋರ್ಡ್ ಹುಟ್ಟಿದ್ದು 1942ರಲ್ಲಿ. ಐದನೇ ಭಾಗ ಬಂದಾಗ ಅವರಿಗೆ 80 ವರ್ಷ. ಅದರ ಶೂಟಿಂಗ್ ಸಮಯದಲ್ಲಿ ಭುಜಕ್ಕೆ ಪೆಟ್ಟಾಗಿತ್ತು. ಎರಡನೇ ಭಾಗದ ಹೊತ್ತಿಗೇ ಬೆನ್ನಿನ ಡಿಸ್ಕ್ ಕೆಟ್ಟು ಆಪರೇಷನ್ ಆಗಿತ್ತು. ಆ ಮನುಷ್ಯನ ಮೈ ಈ ಸಿನಿಮಾಗಳಿಗೆ ನಿಜವಾಗಿ ಬೆಲೆ ತೆತ್ತಿದೆ. 1981ರ ಮೊದಲ ಭಾಗ ಜನರಿಗೆ ಅಷ್ಟು ಹಿಡಿಸಿದ್ದಕ್ಕೆ ಕಾರಣವೂ ಅದೇ ಅಂತ ನನಗನ್ನಿಸುತ್ತದೆ. ಈ ಹೀರೋಗೆ ಏಟು ಬಿದ್ದರೆ ನೋಯುತ್ತಿತ್ತು. ಹಡಗಿನ ದೃಶ್ಯ ನೆನಪಿದೆಯಾ? ಮೈಯೆಲ್ಲಾ ನೋವು ಅಂತ ಮುಟ್ಟಲೂ ಬಿಡುವುದಿಲ್ಲ. ಕತ್ತಿ ತಿರುಗಿಸುತ್ತಾ ಬಂದವನಿಗೆ ಸುಮ್ನೆ ಪಿಸ್ತೂಲ್ ತೆಗೆದು ಗುಂಡು ಹೊಡೆಯುವ ದೃಶ್ಯ ಇದೆಯಲ್ಲ, ಅಲ್ಲಿ ಮೊದಲು ಇದ್ದದ್ದು ದೊಡ್ಡ ಹೊಡೆದಾಟ. ಟ್ಯುನಿಷಿಯಾದ ಬಿಸಿಲಿನಲ್ಲಿ ಫೋರ್ಡ್ ಅವರಿಗೆ ರಕ್ತಭೇದಿ ಹಿಡಿದು ನಿಲ್ಲಲಿಕ್ಕೂ ಆಗುತ್ತಿರಲಿಲ್ಲ. ಅದಕ್ಕೇ ಒಂದೇ ಗುಂಡಿಗೆ ಮುಗಿಸಿದರು. ಜನ ಇವತ್ತಿಗೂ ನೆನಪಿಟ್ಟುಕೊಂಡಿರುವುದು ಆ ಸುಸ್ತಾದ ಮನುಷ್ಯನ ಗುಂಡನ್ನೇ.

ಅಂಥ ಸಿನಿಮಾದಲ್ಲಿ ಕಂಪ್ಯೂಟರ್ ಹಾಕಿ ಮುಖದ ಸುಕ್ಕು ಅಳಿಸಿದ್ದು ನನಗೆ ಬೇಸರ ತಂದಿತು. ಐದನೇ ಭಾಗದ ಶುರುವಿನಲ್ಲಿ 1944ರ ಕಥೆ ಬರುತ್ತದಲ್ಲ, ಅಲ್ಲಿ ಮುಖ ನಲವತ್ತರದ್ದು, ದನಿ ಮಾತ್ರ ಎಂಬತ್ತರದ್ದು. ನನ್ನ ಕಣ್ಣು ಕಥೆ ಬಿಟ್ಟು ಆ ಕೆನ್ನೆಯನ್ನೇ ಹುಡುಕುತ್ತಿತ್ತು. ಅದೇ ಸಿನಿಮಾದಲ್ಲಿ ಮುಂದೆ ಆತ ಗುಹೆಯ ಗೋಡೆ ಹತ್ತುವಾಗ ಅರ್ಧದಲ್ಲಿ ನಿಂತು ತನ್ನ ಮೂಳೆ, ಕಾಲು, ತಿಂದ ಗುಂಡು ಎಲ್ಲದರ ಕಷ್ಟ ಹೇಳಿಕೊಳ್ಳುತ್ತಾನೆ. ಅಲ್ಲಿ ನನಗೆ ನನ್ನ ಜೋನ್ಸ್ ಸಿಕ್ಕಿದ. ಮಗನನ್ನು ವಿಯೆಟ್ನಾಂ ಯುದ್ಧದಲ್ಲಿ ಕಳೆದುಕೊಂಡ, ಹೆಂಡತಿಯಿಂದ ದೂರವಾದ, ರಿಟೈರ್ ಆದ ದಿನ ಕಾಲೇಜಿನವರು ಕೊಟ್ಟ ಗಡಿಯಾರವನ್ನು ದಾರಿಯಲ್ಲಿ ಹೋಗುವವನ ಕೈಗೆ ಕೊಟ್ಟುಬಿಡುವ ಮುದುಕ. ಆ ಮನುಷ್ಯನ ಜೊತೆ ಇನ್ನೂ ಸ್ವಲ್ಪ ಹೊತ್ತು ಕೂರಬೇಕು ಅನ್ನಿಸಿತು. ಅಷ್ಟರಲ್ಲಿ ಮತ್ತೆ ಕಾರು, ಮತ್ತೆ ವಿಮಾನ.

ಹೊಸ ಹುಡುಗನನ್ನು ಹಾಕಿ ಮಾಡಲಿ ಅನ್ನುವವರೂ ಇದ್ದಾರೆ. ನನಗೆ ಬೇಡ. ಮೂರನೇ ಭಾಗದ ಶುರುವಿನಲ್ಲಿ ರಿವರ್ ಫೀನಿಕ್ಸ್ ಹುಡುಗ ಜೋನ್ಸ್ ಆಗಿದ್ದು ಚೆನ್ನಾಗಿತ್ತು, ಅದು ಸ್ವಲ್ಪ ಹೊತ್ತಿನ ಮಾತು. ಫೋರ್ಡ್ ಅವರೂ ಇದೇ ಕೊನೆ ಅಂದಿದ್ದಾರೆ. ಓಡುವ, ಹಾರುವ ಇನ್ನೊಂದು ಭಾಗ ಬೇಡವೇ ಬೇಡ. ಇಲ್ಲಿಯವರೆಗೆ ನಾನು ತಮ್ಮನ ಕಡೆ. ಇನ್ನು ಮುಂದಿನದು ನಿಮ್ಮ ಕಡೆ.

ನಾವು ಚಿಕ್ಕವರಿದ್ದಾಗ ನೀವು ವಿಸಿಪಿ (ವಿಡಿಯೋ ಕ್ಯಾಸೆಟ್ ಪ್ಲೇಯರ್) ಬಾಡಿಗೆಗೆ ತಂದು ಮೊದಲ ಮೂರೂ ಭಾಗ ತೋರಿಸಿದ್ದು ನೆನಪಿದೆ. ಅಜ್ಜಿ ಕಂಬಳಿ ಹೊದ್ದು ಹಿಂದೆ ಕೂತಿದ್ದರು. ನೀವು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಿದ್ದಿರಿ. ಮೊದಲ ಭಾಗದಲ್ಲಿ ಆತ ಪೆರುವಿನ ಕಾಡಿನ ಗುಡಿಯಿಂದ ಚಿನ್ನದ ಮೂರ್ತಿ ಎತ್ತಿಕೊಂಡು ಓಡುತ್ತಾನಲ್ಲ, ದೊಡ್ಡ ಬಂಡೆ ಉರುಳಿ ಬರುತ್ತಿದೆ, ನಾವೆಲ್ಲ ಉಸಿರು ಬಿಗಿಹಿಡಿದಿದ್ದೇವೆ. ಅಜ್ಜಿ ಮಾತ್ರ ‘ಆ ದೇವರು ಯಾರದ್ದು?’ ಅಂತ ಕೇಳಿದರು. ಅಲ್ಲಿನ ಜನರದ್ದು ಅಂದಿರಿ ನೀವು. ‘ಹಾಗಾದರೆ ಇವನಿಗ್ಯಾಕೆ?’ ಅಂದರು. ನಿಮಗೂ ಉತ್ತರ ಹೊಳೆಯಲಿಲ್ಲ. ಸಿನಿಮಾದಲ್ಲೂ ಸರಿಯಾದ ಉತ್ತರ ಇಲ್ಲ. ಮ್ಯೂಸಿಯಂಗೆ ಸೇರಬೇಕು ಅನ್ನುವುದೇ ಆತನ ಉತ್ತರ. ಹುಡುಗನಾಗಿದ್ದಾಗ ಶಿಲುಬೆಗಾಗಿ ಹೊಡೆದಾಡುವಾಗಲೂ ಅದನ್ನೇ ಹೇಳುತ್ತಾನೆ. ಯಾವ ಊರಿನ ಮ್ಯೂಸಿಯಂ, ಯಾರನ್ನು ಕೇಳಿ?

ಅಜ್ಜಿಯ ಪ್ರಶ್ನೆಗೆ ಉತ್ತರ ಇರುವುದು ನಮಗೆಲ್ಲ ಸಿಟ್ಟು ಬರಿಸಿದ ಎರಡನೇ ಭಾಗದಲ್ಲಿ. 1984ರದ್ದು. ಸಿಟ್ಟು ಬರುವುದು ಸಹಜವೇ. ನಮ್ಮವರು ಮಂಗನ ಮಿದುಳು, ಹಾವಿನ ಮರಿ ತಿನ್ನುತ್ತಾರೆ ಅಂತ ತೋರಿಸಿದರು. ಕಥೆ ನಮ್ಮ ದೇಶದ್ದು, ಇಲ್ಲಿ ಶೂಟಿಂಗಿಗೆ ಒಪ್ಪಿಗೆ ಸಿಗದೆ ಶ್ರೀಲಂಕಾದಲ್ಲಿ ತೆಗೆದರು. ಊರಿನ ಹಿರಿಯ ಮಾತಾಡುವುದು ಸಿಂಹಳ. ಕೊನೆಗೆ ಕಾಪಾಡಲಿಕ್ಕೆ ಬರುವುದು ಬ್ರಿಟಿಷ್ ಸೈನ್ಯ, ಅದಂತೂ ನನಗೆ ನುಂಗಲಿಕ್ಕೇ ಆಗುವುದಿಲ್ಲ. ಅಮರೀಶ್ ಪುರಿ ಒಬ್ಬರೇ ಅದರಲ್ಲಿ ನಮ್ಮ ಮಾನ ಉಳಿಸಿದ್ದು ಅಂತ ನೀವು ಹೇಳುತ್ತಿದ್ದಿರಿ. ಇಷ್ಟೆಲ್ಲಾ ಇದ್ದರೂ ಆ ಸಿನಿಮಾದ ಕೊನೆಯಲ್ಲಿ ಜೋನ್ಸ್ ಊರಿನಿಂದ ಕದ್ದೊಯ್ದ ಪವಿತ್ರ ಕಲ್ಲನ್ನು ತಂದು ಊರಿನ ಹಿರಿಯನ ಕೈಗೇ ಕೊಡುತ್ತಾನೆ. ಊರಿನಿಂದ ಹೊತ್ತೊಯ್ದ ಮಕ್ಕಳೂ ಮನೆ ಸೇರುತ್ತಾರೆ. ಐದೂ ಭಾಗಗಳಲ್ಲಿ ಒಂದು ಊರಿನ ಜನರ ವಸ್ತು ಅದೇ ಜನರ ಕೈಗೆ ಮರಳುವುದು ಅಲ್ಲಿ ಮಾತ್ರ. ನಾಲ್ಕನೆಯದರಲ್ಲಿ ತಲೆಬುರುಡೆ ಅದರ ಜಾಗಕ್ಕೆ ಹೋಗುತ್ತದೆ ನಿಜ, ಆದರೆ ಅದು ಬೇರೆ ಲೋಕದವರದ್ದು.

ಈಗ ಈ ಊರಿನ ಮಾತು. ಐದನೇ ಭಾಗದಲ್ಲಿ 1969ರ ನ್ಯೂಯಾರ್ಕ್ ಅಂತ ತೋರಿಸುತ್ತಾರಲ್ಲ, ಚಂದ್ರನ ಮೇಲೆ ಇಳಿದವರ ಮೆರವಣಿಗೆ, ಅದನ್ನು ತೆಗೆದದ್ದು ಗ್ಲಾಸ್ಗೋದಲ್ಲಿ, 2021ರ ಜುಲೈಯಲ್ಲಿ. ಸೇಂಟ್ ವಿನ್ಸೆಂಟ್ ಸ್ಟ್ರೀಟ್ ತುಂಬಾ ಅಮೆರಿಕದ ಬಾವುಟ ಕಟ್ಟಿದ್ದರಂತೆ. ನನ್ನ ಜೊತೆ ಕೆಲಸ ಮಾಡುವವರು ಇನ್ನೂ ಅದನ್ನು ಹೇಳುತ್ತಾರೆ. ನಾನು ಆ ರಸ್ತೆಯಲ್ಲಿ ಆಗಾಗ ಓಡಾಡುತ್ತೇನೆ. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಕೆಲ್ವಿನ್‌ಗ್ರೋವ್ ಮ್ಯೂಸಿಯಂ ಸಿಗುತ್ತದೆ. ಕೆಂಪು ಕಲ್ಲಿನ ದೊಡ್ಡ ಕಟ್ಟಡ, 1901ರದ್ದು. ಒಳಗೆ ಒಂದು ಯುದ್ಧವಿಮಾನವನ್ನೇ ತೂಗುಹಾಕಿದ್ದಾರೆ.

2022ರ ಆಗಸ್ಟಿನಲ್ಲಿ ಈ ಊರಿನ ಮ್ಯೂಸಿಯಂನವರು ಏಳು ವಸ್ತುಗಳನ್ನು ಭಾರತಕ್ಕೆ ವಾಪಸ್ ಕೊಡಲು ಒಪ್ಪಿ, ಕೆಲ್ವಿನ್‌ಗ್ರೋವ್‌ನಲ್ಲೇ ಸಹಿ ಹಾಕಿದರು. ಆರು ವಸ್ತುಗಳು 19ನೇ ಶತಮಾನದಲ್ಲಿ ದೇವಸ್ಥಾನಗಳಿಂದ, ಗುಡಿಗಳಿಂದ ಕದ್ದವು. ಅದರಲ್ಲಿ ಒಂದು ಕೆತ್ತನೆಯ ಕಲ್ಲಿನ ಬಾಗಿಲುವಾಡವೂ ಇದೆ. ಏಳನೆಯದು ಒಂದು ಖಡ್ಗ. ಹೈದರಾಬಾದ್ ನಿಜಾಮರ ಸಂಗ್ರಹದಿಂದ 1905ರಲ್ಲಿ ಕದ್ದು ಬ್ರಿಟಿಷ್ ಸೇನಾಧಿಕಾರಿಗೆ ಮಾರಿದ್ದು. ಬ್ರಿಟನ್ನಿನ ಒಂದು ಮ್ಯೂಸಿಯಂ ಹೀಗೆ ಭಾರತಕ್ಕೆ ವಾಪಸ್ ಕೊಡಲು ಒಪ್ಪಿದ್ದು ಅದೇ ಮೊದಲು. ಅದಕ್ಕೂ ಮುಂಚೆ, 1999ರಲ್ಲಿ, ಅಮೆರಿಕದ ಲಕೋಟಾ ಅನ್ನುವ ಮೂಲನಿವಾಸಿ ಜನರ ಒಂದು ಅಂಗಿಯನ್ನು ಇಲ್ಲಿಂದ ಅವರಿಗೇ ಕಳಿಸಿದ್ದರು. ಸೈನ್ಯ ಅವರನ್ನು ಕೊಂದ ಜಾಗದಿಂದ ಬಂದ ಅಂಗಿ ಅದು.

ಆರನೇ ಭಾಗ ಬರುವುದಾದರೆ ಇದೇ ಕಥೆ ಇರಬೇಕು ಅಪ್ಪ. ಮುದುಕ ಜೋನ್ಸ್ ತಾನು ತಂದ ಒಂದು ವಸ್ತುವನ್ನು ಚೀಲಕ್ಕೆ ಹಾಕಿಕೊಂಡು ಅದರ ಊರಿಗೆ ಹೊರಡಬೇಕು. ಸುಕ್ಕು ಹಾಗೇ ಇರಲಿ. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಲಿ. ಅಡ್ಡ ಬರಲಿಕ್ಕೆ ನಾಜಿಗಳೇ ಬೇಕಂತಿಲ್ಲ. ವಾಪಸ್ ಕೊಟ್ಟರೆ ನಮ್ಮ ಕಪಾಟು ಖಾಲಿಯಾಗುತ್ತದೆ ಅನ್ನುವ ಅಧಿಕಾರಿಗಳು, ಕಳ್ಳಮಾಲು ಕೊಳ್ಳುವ ಶ್ರೀಮಂತರು, ಕೋರ್ಟು, ಕಸ್ಟಮ್ಸ್, ಎಲ್ಲಾ ಇದ್ದಾರೆ. ಅಲ್ಲಿ ಮುಟ್ಟಿದ ಮೇಲೆ ಆ ಊರಿನವರು ಆತನನ್ನು ಮನೆಯೊಳಗೆ ಕರೆಯುತ್ತಾರೋ ಇಲ್ಲವೋ ಅಂತಲೂ ಗೊತ್ತಿರಬಾರದು. ಅದಕ್ಕೆ ಹತ್ತು ಕಾರು ಉರುಳಿಸುವ ಖರ್ಚೂ ಬೇಡ. ತಮ್ಮನ ಲೆಕ್ಕಕ್ಕೂ ಇದು ಸರಿ ಹೊಂದುತ್ತದೆ.

ನಮ್ಮ ಕೊಡಗಿನವರಿಗೆ ಇದು ದೂರದ ಮಾತಲ್ಲ. ಮಡಿಕೇರಿಯ ರಾಜರ ಗದ್ದಿಗೆಗೆ ಕರಕೊಂಡು ಹೋದಾಗ ನೀವೇ ಹೇಳಿದ್ದಿರಿ. ನಮ್ಮ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿದರು. ಆತ 1852ರಲ್ಲಿ ಮಗಳನ್ನು ಕರಕೊಂಡು ಲಂಡನ್ನಿಗೆ ಬಂದು, ಈಸ್ಟ್ ಇಂಡಿಯಾ ಕಂಪನಿ ಇಟ್ಟುಕೊಂಡ ತನ್ನ ಮನೆತನದ ದುಡ್ಡಿಗಾಗಿ ಅಲ್ಲಿನ ಕೋರ್ಟಿನಲ್ಲೇ ಕೇಸು ಹಾಕಿದ. ದುಡ್ಡು ಕೈಗೆ ಬರಲಿಲ್ಲ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಕ್ರೂರಿ ರಾಜ ಅಂತ ನೀವು ಆತನನ್ನು ಕ್ಷಮಿಸಿದವರಲ್ಲ, ಗೊತ್ತು. ಆದರೂ ಆ ಮಗಳು ಗೌರಮ್ಮನನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ವಿಕ್ಟೋರಿಯಾ ರಾಣಿಯೇ ಆಕೆಯ ಧರ್ಮಮಾತೆ (ಗಾಡ್‌ಮದರ್). 1864ರಲ್ಲಿ, ಇಪ್ಪತ್ತೆರಡರ ಆಸುಪಾಸಿನಲ್ಲಿ ಸತ್ತಳು. ಆಮೇಲೆ ಗಂಡ ಕ್ಯಾಂಪ್‌ಬೆಲ್ ಕಾಣೆಯಾದ, ಅವಳ ಒಡವೆಗಳೂ ಕಾಣೆಯಾದವು. ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಲಂಡನ್ನಿಗೆ ಹೋದಾಗ ಅಲ್ಲಿಗೆ ಹೋಗಿ ಹೂವಿಟ್ಟು ಬರಬೇಕು ಅಂತಿದ್ದೇನೆ.

ಯಾವುದೋ ಹಳೇ ಪೆಟ್ಟಿಗೆಯಲ್ಲಿ ಆ ಒಡವೆ ಸಿಕ್ಕಿ, ಒಬ್ಬ ಮುದುಕ ಪ್ರೊಫೆಸರ್ ಅದನ್ನು ತಂದು ಮಡಿಕೇರಿ ಕೋಟೆಯೊಳಗಿನ ಹಳೇ ಚರ್ಚಿನ ಮ್ಯೂಸಿಯಂಗೆ ಕೊಡುವ ಸಿನಿಮಾ ಬಂದರೆ, ನಾನು ರಜೆ ಹಾಕಿ ಊರಿಗೆ ಬಂದು ನಿಮ್ಮ ಜೊತೆ ಕೂತು ನೋಡುತ್ತೇನೆ. ಹಾಲಿವುಡ್‌ನವರು ಕೊಡಗಿನ ಕಥೆ ಮಾಡಲಿ ಅಂತಲ್ಲ, ಪೆರುವಿನದ್ದೇ ಮಾಡಲಿ. ಆ ಚಿನ್ನದ ಮೂರ್ತಿಯನ್ನೇ ವಾಪಸ್ ಕೊಡಲಿ. ಅಜ್ಜಿ ಕೇಳಿದ್ದೂ ಅದನ್ನೇ ಅಲ್ವಾ?

ಇದನ್ನು ತಮ್ಮನಿಗೂ ಓದಿ ಹೇಳಿ. ಅವನು ಒಪ್ಪದಿದ್ದರೆ ಯಾಕೆ ಅಂತ ಬರೆಯಲಿ, ಫೋನಿನಲ್ಲಿ ಕೂಗಾಡುವುದು ಬೇಡ. ಅಮ್ಮನ ಮಂಡಿ ನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ನಡೆಯುತ್ತಿದೆಯಾ ಅಂತ ನೀವೇ ನೋಡಿಕೊಳ್ಳಿ, ಕೇಳಿದರೆ ಅವರು ಹೂಂ ಅಂದುಬಿಡುತ್ತಾರೆ. ಕಾಫಿ ಪುಡಿ ಮುಗಿಯುತ್ತಾ ಬಂತು. ಯಾರಾದರೂ ಈ ಕಡೆ ಬರುವವರಿದ್ದರೆ ಚಿಕೋರಿ ಹಾಕದ್ದು ಒಂದು ಕೆಜಿ ಕಳಿಸಿ.

ಇಂತಿ ನಿಮ್ಮ ಪ್ರೀತಿಯ
ಮಗಳು