ಗಾಂಜಾ ಅಂಗಡಿಯೂ ಬೇಡ, ಸೇದಿದವನಿಗೆ ಸೆರೆಮನೆಯೂ ಬೇಡ

ಮಾನ್ಯ ಸಂಪಾದಕರೇ,

ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೇ ಎಂಬ ಚರ್ಚೆ ಎದ್ದಾಗಲೆಲ್ಲ ನಮ್ಮಲ್ಲಿ ಎರಡೇ ದನಿಗಳು ಕೇಳಿಬರುತ್ತವೆ. ಒಂದು, ಶಿವನ ಹೆಸರು ಹೇಳಿ ಎಲ್ಲವನ್ನೂ ಬಿಟ್ಟುಬಿಡಿ ಎನ್ನುವುದು. ಇನ್ನೊಂದು, ಯುವಜನರ ಹೆಸರು ಹೇಳಿ ಎಲ್ಲರನ್ನೂ ಒಳಗೆ ಹಾಕಿ ಎನ್ನುವುದು. ಇಪ್ಪತ್ತಾರು ವರ್ಷಗಳಿಂದ ಯಾದಗಿರಿ, ಕಲಬುರಗಿ ಭಾಗದ ನ್ಯಾಯಾಲಯಗಳಲ್ಲಿ ವಕೀಲಿ ಮಾಡುತ್ತಿರುವ ನನಗೆ ಈ ಎರಡೂ ವಾದಗಳು ಒಪ್ಪಿಗೆಯಾಗುವುದಿಲ್ಲ. ಮಾರಾಟಕ್ಕೆ ಅನುಮತಿ ಕೊಡಬೇಕೇ ಎಂಬುದು ಒಂದು ಪ್ರಶ್ನೆ, ಸೇದಿದವನನ್ನು ಅಪರಾಧಿಯೆಂದು ಪರಿಗಣಿಸಬೇಕೇ ಎಂಬುದು ಬೇರೆಯದೇ ಪ್ರಶ್ನೆ. ಮೊದಲನೆಯದಕ್ಕೆ ನನ್ನ ಉತ್ತರ ಬೇಡ ಎಂದು, ಎರಡನೆಯದಕ್ಕೂ ಬೇಡವೆಂದೇ. ಹಾಗೇಕೆ ಎಂಬುದನ್ನು ವಿವರಿಸಲು ತಮ್ಮ ಪತ್ರಿಕೆಯಲ್ಲಿ ಸ್ವಲ್ಪ ಜಾಗ ಕೋರುತ್ತೇನೆ.

ಎನ್‌ಡಿಪಿಎಸ್ ಕಾಯ್ದೆ ಎಂದು ನಾವೆಲ್ಲ ಕರೆಯುವ, ಮಾದಕ ವಸ್ತುಗಳನ್ನು ನಿಯಂತ್ರಿಸುವ ಕಾನೂನು 1985ರ ನವೆಂಬರ್ 14ರಂದು ಜಾರಿಗೆ ಬಂತು. ಅದಕ್ಕೂ ಮುಂಚೆ ನಮ್ಮ ದೇಶದ ಹಲವೆಡೆ ಗಾಂಜಾ ಸರ್ಕಾರದ ಪರವಾನಗಿ ಪಡೆದ ಅಂಗಡಿಗಳಲ್ಲಿಯೇ ಸಿಗುತ್ತಿತ್ತು. ವಿಶ್ವಸಂಸ್ಥೆಯ 1961ರ ಒಪ್ಪಂದಕ್ಕೆ ಸಹಿ ಹಾಕಿದ್ದರಿಂದ ಔಷಧ ಮತ್ತು ವಿಜ್ಞಾನದ ಉದ್ದೇಶ ಬಿಟ್ಟು ಉಳಿದ ಬಳಕೆಯನ್ನು 25 ವರ್ಷಗಳೊಳಗೆ ನಿಲ್ಲಿಸಬೇಕಾದ ಕಟ್ಟುಪಾಡು ಭಾರತದ ಮೇಲಿತ್ತು, ಆ ಗಡುವು ಹತ್ತಿರವಾದಾಗ ಬಂದ ಕಾಯ್ದೆ ಇದು. ಬ್ರಿಟಿಷರ ಕಾಲದಲ್ಲಿ, 1893-94ರಲ್ಲಿ, ಇದೇ ವಿಷಯವನ್ನು ಪರಿಶೀಲಿಸಲು ಒಂದು ಆಯೋಗ ನೇಮಕವಾಗಿತ್ತು. ಅದು ಸಾವಿರಕ್ಕೂ ಹೆಚ್ಚು ಸಾಕ್ಷಿಗಳ ಹೇಳಿಕೆ ಪಡೆದು, ಮಿತವಾದ ಬಳಕೆಯಿಂದ ಹೆಚ್ಚಿನ ಕೇಡಿಲ್ಲ, ಅತಿಯಾದ ಬಳಕೆಯಿಂದ ಕೇಡಿದೆ, ಆದ್ದರಿಂದ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣವೇ ಮೇಲು ಎಂಬ ನಿಲುವಿಗೆ ಬಂದಿತ್ತು. ಆ ಆಯೋಗದ ಮಾತನ್ನು ಇಂದಿಗೆ ಹಾಗೆಯೇ ಅನ್ವಯಿಸಲಾಗದು, ಏಕೆಂದರೆ ಅಂದಿನ ಗಾಂಜಾ ಬೇರೆ, ಇಂದಿನದು ಬೇರೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಕಾಯ್ದೆಯ ವ್ಯಾಖ್ಯೆಯಲ್ಲಿ ಓದುಗರು ಗಮನಿಸಬೇಕಾದ ಒಂದು ಅಂಶವಿದೆ. ಕಾನೂನಿನ ಪ್ರಕಾರ ಗಾಂಜಾ ಎಂದರೆ ಇಡೀ ಗಿಡವಲ್ಲ. ಗಿಡದ ತುದಿಯಲ್ಲಿರುವ ಹೂವು ಅಥವಾ ಕಾಯಿಯ ಗೊಂಚಲು ಮಾತ್ರ. ಆ ಗೊಂಚಲಿನ ಜೊತೆಗಿಲ್ಲದ ಎಲೆ ಮತ್ತು ಬೀಜವನ್ನು ವ್ಯಾಖ್ಯೆಯಿಂದ ಸ್ಪಷ್ಟವಾಗಿ ಹೊರಗಿಡಲಾಗಿದೆ. ಉತ್ತರ ಭಾರತದ ಕೆಲವು ಊರುಗಳಲ್ಲಿ ಇಂದಿಗೂ ಎಲೆಯಿಂದ ಮಾಡುವ ಭಾಂಗ್‌ನ ಸರ್ಕಾರಿ ಪರವಾನಗಿಯ ಅಂಗಡಿಗಳು ಇರುವುದು ಈ ಕಾರಣಕ್ಕೇ. ನಮ್ಮ ಹೈಕೋರ್ಟ್ ಕೂಡ 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ, ಭಾಂಗ್ ಎನ್‌ಡಿಪಿಎಸ್ ಕಾಯ್ದೆಯಡಿ ನಿಷೇಧಿತ ವಸ್ತುವೆಂದು ಹೇಳಲಾಗದು ಎಂದಿತು. ಕಾಯ್ದೆ ಬರೆದವರು ಎಲೆಗೂ ಹೂವಿಗೂ ಇಷ್ಟು ಎಚ್ಚರದಿಂದ ಗೆರೆ ಎಳೆದಿದ್ದರೂ ಹೊಲದಲ್ಲಿ ಜಪ್ತಿ ನಡೆಯುವಾಗ ಆ ಗೆರೆ ಅಳಿಸಿಹೋಗುತ್ತದೆ.

ನನ್ನ ಕಕ್ಷಿದಾರರೊಬ್ಬರ ಪ್ರಕರಣವನ್ನು ಹೇಳುತ್ತೇನೆ. ಲಾವಣಿಗೆ (ಗುತ್ತಿಗೆಗೆ) ಹಿಡಿದ ಎರಡೂವರೆ ಎಕರೆ ಹೊಲದಲ್ಲಿ ಹತ್ತಿ ಮತ್ತು ತೊಗರಿ ಹಾಕಿದ್ದ ರೈತರು ಅವರು. ತೊಗರಿ ಸಾಲುಗಳ ನಡುವೆ ಕೆಲವು ಗಾಂಜಾ ಗಿಡಗಳಿದ್ದವು. ಅವನ್ನು ಬೆಳೆಸಿದ್ದು ತಪ್ಪಲ್ಲವೆಂದು ನಾನು ಹೇಳುವುದಿಲ್ಲ. ಬೆಳೆಸಿದ್ದಕ್ಕೇ ಕಾಯ್ದೆಯ 20ನೇ ಕಲಮಿನಲ್ಲಿ 10 ವರ್ಷದವರೆಗೆ ಶಿಕ್ಷೆಯಿದೆ. ಆದರೆ ಜಪ್ತಿಗೆ ಬಂದವರು ಗಿಡಗಳನ್ನು ಬೇರುಸಹಿತ ಕಿತ್ತು, ಮಣ್ಣು ಕೊಡವಿ, ದಂಟು, ಎಲೆ, ಬೇರು ಎಲ್ಲವನ್ನೂ ಒಟ್ಟಾಗಿ ಹಸಿಹಸಿಯಾಗಿಯೇ ತೂಗಿ 42 ಕಿಲೋ ಎಂದು ಪಂಚನಾಮೆಯಲ್ಲಿ ಬರೆದರು. ಗಾಂಜಾದ ಮಟ್ಟಿಗೆ 1 ಕಿಲೋಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವೆಂದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಶಿಕ್ಷೆ, ಜೊತೆಗೆ ಕನಿಷ್ಠ 1 ಲಕ್ಷ ರೂಪಾಯಿ ದಂಡ. ಅದಕ್ಕಿಂತ ಮುಖ್ಯವಾಗಿ 37ನೇ ಕಲಂ ಅಡ್ಡ ಬರುತ್ತದೆ: ಆರೋಪಿ ತಪ್ಪಿತಸ್ಥನಲ್ಲವೆಂದು ನಂಬಲು ಸಕಾರಣವಿದೆ ಎಂದು ವಿಚಾರಣೆಗೆ ಮುಂಚೆಯೇ ನ್ಯಾಯಾಧೀಶರಿಗೆ ಮನವರಿಕೆಯಾಗದ ಹೊರತು ಜಾಮೀನು ಸಿಗದು.

ಗಿಡ ಒಣಗಿದರೆ ಹಸಿ ತೂಕದ ಬಹುಪಾಲು ನೀರಾಗಿಯೇ ಹೋಗುತ್ತದೆ. ಉಳಿದುದರಲ್ಲಿ ದಂಟು, ಬೇರು, ಬಿಡಿ ಎಲೆಗಳನ್ನು ತೆಗೆದರೆ ಕಾನೂನು ಗಾಂಜಾ ಎಂದು ಕರೆಯುವ ಭಾಗ ಎಷ್ಟು ಕಿಲೋ ಇರಬಹುದಿತ್ತೆಂಬುದನ್ನು ಆ ದಿನ ಯಾರೂ ನೋಡಲಿಲ್ಲ, ಆಮೇಲೆ ನೋಡುವ ದಾರಿಯೂ ಉಳಿಯಲಿಲ್ಲ. ಇದೇ ವಾದವನ್ನು ಒಪ್ಪಿ ಹೈಕೋರ್ಟುಗಳು ಜಾಮೀನು ಕೊಟ್ಟ ಉದಾಹರಣೆಗಳಿವೆ. ನನ್ನ ಕಕ್ಷಿದಾರರಿಗೂ ಕೊನೆಗೆ ಅಲ್ಲಿಯೇ ಸಿಕ್ಕಿತು. ಆದರೆ ಅಷ್ಟರಲ್ಲಿ ಹದಿನಾಲ್ಕು ತಿಂಗಳು ಕಳೆದಿದ್ದವು. ಲಾವಣಿ ಬೇರೆಯವರ ಪಾಲಾಗಿತ್ತು, ಎತ್ತು ಮಾರಿದ್ದಾಗಿತ್ತು, ಹಿರಿಯ ಮಗ ಶಾಲೆ ಬಿಟ್ಟು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿದ್ದ. ಬೀಜ ತಂದುಕೊಟ್ಟು, ಬೆಳೆದ ಮೇಲೆ ಕೊಳ್ಳುವುದಾಗಿ ಹೇಳಿದ್ದ ವ್ಯಕ್ತಿಯ ಹೆಸರು ದೋಷಾರೋಪ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಅಂಥ ವ್ಯಕ್ತಿಗಳ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ದೃಶ್ಯವನ್ನು ಇಟ್ಟು ನೋಡಬೇಕು. ಬ್ಯಾಂಕಾಕ್‌ನಿಂದ ಬರುವ ಪ್ರಯಾಣಿಕರ ಚೀಲಗಳಲ್ಲಿ ಹೈಡ್ರೋ ಗಾಂಜಾ ಸಿಕ್ಕಿಬಿದ್ದ ಸುದ್ದಿ ಬೆಂಗಳೂರಿನ ವಿಮಾನ ನಿಲ್ದಾಣದಿಂದ ಕೆಲವು ವರ್ಷಗಳಿಂದ ಮೇಲಿಂದ ಮೇಲೆ ಬರುತ್ತಿದೆ. ಮಣ್ಣಿಲ್ಲದೆ, ಕೃತಕ ಬೆಳಕಿನಲ್ಲಿ, ಬೇಕೆಂದೇ ಅಮಲು ಹೆಚ್ಚಿಸಿ ಬೆಳೆಸಿದ ತಳಿಗಳವು; ಹೊಲದ ಸೊಪ್ಪಿಗಿಂತ ಎಷ್ಟೋ ಪಟ್ಟು ದುಬಾರಿ. ಗಾಂಜಾದಲ್ಲಿ ಅಮಲು ತರುವ ಅಂಶ ಟಿಎಚ್‌ಸಿ. ಅಮೆರಿಕದಲ್ಲಿ ಜಪ್ತಿಯಾದ ಗಾಂಜಾದಲ್ಲಿ ಇದರ ಸರಾಸರಿ ಪ್ರಮಾಣ 1995ರಲ್ಲಿ ಶೇ 4ರಷ್ಟಿದ್ದುದು 2014ರ ಹೊತ್ತಿಗೆ ಶೇ 12ರಷ್ಟಾಗಿತ್ತು. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಇಂಥ ತೀವ್ರ ಗಾಂಜಾವನ್ನು ದಿನವೂ ಸೇದುವವರಲ್ಲಿ ಚಿತ್ತವಿಕಲತೆ ಕಾಣಿಸಿಕೊಳ್ಳುವ ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಹೆಚ್ಚೆಂದು ಕಂಡುಬಂದಿತ್ತು. ಆದರೆ ನಮ್ಮ ಕಾನೂನಿನ ತಕ್ಕಡಿಗೆ ತೂಕ ಗೊತ್ತಾಗುತ್ತದೆಯೇ ಹೊರತು ತೀವ್ರತೆ ಗೊತ್ತಾಗುವುದಿಲ್ಲ. ಚಿತ್ತ ಕೆಡಿಸುವ ಈ ಮಾಲು ತೂಕದ ಲೆಕ್ಕದಲ್ಲಿ 900 ಗ್ರಾಂ ಇದ್ದರೆ ಅದು ಅಲ್ಪ ಪ್ರಮಾಣ. ಹೊಲದ ಬದುವಿನಿಂದ ಕಿತ್ತ ಹಸಿ ಗಿಡ ಬೇರುಸಹಿತ 20 ಕಿಲೋಗಿಂತ ಹೆಚ್ಚು ತೂಗಿದರೆ ಅದು ವಾಣಿಜ್ಯ ಪ್ರಮಾಣ. ಇದನ್ನು ಸರಿಪಡಿಸದೆ ಗಾಂಜಾ ಬೇಕೋ ಬೇಡವೋ ಎಂದು ಚರ್ಚಿಸುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಸೇದಿ ಸಿಕ್ಕಿಬಿದ್ದ ಹುಡುಗರ ಕಥೆ ಬೇರೆ. 27ನೇ ಕಲಮಿನಡಿ ಗಾಂಜಾ ಸೇವನೆಗೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ಅನುಮಾನ ಬಂದವರ ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಆಗಾಗ ಸೇದುವವರ ಮೂತ್ರದಲ್ಲಿ ಇದರ ಕುರುಹು ವಾರಗಟ್ಟಲೆ ಉಳಿಯುವುದರಿಂದ, ಆ ದಿನ ಸೇದಿರದವನೂ ಸಿಕ್ಕಿಬೀಳುತ್ತಾನೆ. ಮುಂದೆ ನಡೆಯುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ನ್ಯಾಯಾಲಯದ ಮೊಗಸಾಲೆಯಲ್ಲಿ ಯಾರೋ ಹುಡುಗನ ಕಿವಿಯಲ್ಲಿ, "ತಪ್ಪಾಯ್ತು ಅಂತ ಒಪ್ಕೊಂಡು ದಂಡ ಕಟ್ಟು, ಇವತ್ತೇ ಮುಗೀತದ" ಎನ್ನುತ್ತಾರೆ. ತಂದೆಗೂ ಅದೇ ಬೇಕಾಗಿರುತ್ತದೆ, ಊರಿಗೆ ತಿಳಿಯುವ ಮುಂಚೆ ಮನೆಗೆ ಹೋದರೆ ಸಾಕೆಂಬ ಅವಸರ. ದಂಡ ಕಟ್ಟಿ ಹೋದ ಆ ಹುಡುಗ ಮೂರು ವರ್ಷದ ನಂತರ ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆ, ಲಿಖಿತ ಪರೀಕ್ಷೆ ಎರಡನ್ನೂ ಪಾಸು ಮಾಡಿ, ಪೂರ್ವಾಪರ ಪರಿಶೀಲನೆಯಲ್ಲಿ ನಿಂತುಹೋಗುತ್ತಾನೆ, ಏಕೆಂದರೆ ಅವತ್ತು ಮುಗಿಯಿತೆಂದು ಅವನು ತಿಳಿದದ್ದು ಕಾನೂನಿನ ಕಣ್ಣಿನಲ್ಲಿ ಶಿಕ್ಷೆ.

ಇದೇ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿಯೇ ಮುಂದೆ ಬಂದು ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ ಅದು. ನನ್ನ ಅನುಭವದಲ್ಲಿ ಈ ಕಲಂ ಬಳಕೆಯಾಗಿದ್ದನ್ನು ನಾನು ಬೆರಳೆಣಿಕೆಯ ಸಲವೂ ಕಂಡಿಲ್ಲ. ಹುಡುಗನಿಗೆ ಗೊತ್ತಿರುವುದಿಲ್ಲ, ತಂದೆಗೆ ಗೊತ್ತಿರುವುದಿಲ್ಲ, ನಮ್ಮ ವೃತ್ತಿಬಾಂಧವರಲ್ಲಿಯೂ ಅನೇಕರು ನೆನಪಿಸುವುದಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ ಎಂಬುದನ್ನು ನೋವಿನಿಂದ ಬರೆಯುತ್ತಿದ್ದೇನೆ.

ಹಾಗಾದರೆ ಮಾರಾಟಕ್ಕೂ ಅನುಮತಿ ಕೊಟ್ಟುಬಿಡಬಾರದೇಕೆ ಎಂದು ಕೇಳುವವರಿಗೆ, ನಮ್ಮದೇ ರಾಜ್ಯದ ಮದ್ಯ ವ್ಯವಹಾರವನ್ನು ನೋಡಿ ಎನ್ನುತ್ತೇನೆ. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ ನಿಗದಿಯಾದ ವರಮಾನದ ಗುರಿ 40,000 ಕೋಟಿ ರೂಪಾಯಿ. ಅಮಲಿನಿಂದ ಆದಾಯ ಬರಲು ಶುರುವಾದ ಮೇಲೆ ಯಾವ ಪಕ್ಷದ ಸರ್ಕಾರವೇ ಆಗಲಿ ಅದನ್ನು ವರ್ಷದಿಂದ ವರ್ಷಕ್ಕೆ ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ. ಗಾಂಜಾಕ್ಕೂ ಅಂಗಡಿ ತೆರೆದರೆ ಅದಕ್ಕೂ ಗುರಿ ಬರುತ್ತದೆ, ಆ ಗುರಿ ಮುಟ್ಟಲು ಹೊಸ ಗಿರಾಕಿಗಳು ಬೇಕಾಗುತ್ತಾರೆ, ಹೊಸ ಗಿರಾಕಿಗಳು ಎಂದರೆ ಹರೆಯದವರೇ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕ ವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು. ನಿಯಂತ್ರಣದ ಕಾನೂನು ಸಿದ್ಧವಾಗುವ ಮುಂಚೆಯೇ ಸಾವಿರಾರು ಅಂಗಡಿಗಳು ತೆರೆದುಕೊಂಡವು. ಮೂರೇ ವರ್ಷಕ್ಕೆ, 2025ರ ಜೂನ್‌ನಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂಬ ನಿಯಮ ತಂದಿತು. ನಮ್ಮ ವಿಮಾನ ನಿಲ್ದಾಣದಲ್ಲಿ ಸಿಗುತ್ತಿರುವ ಮಾಲು ಆ ಗಡಿಬಿಡಿಯ ಫಲವೇ ಎಂದು ನಾನು ನಂಬಿದ್ದೇನೆ. ಜರ್ಮನಿ 2024ರಲ್ಲಿ ವಯಸ್ಕರಿಗೆ 25 ಗ್ರಾಂವರೆಗೆ ಜೊತೆಯಲ್ಲಿ ಇಟ್ಟುಕೊಳ್ಳಲು, ಮನೆಯಲ್ಲಿ ಮೂರು ಗಿಡ ಬೆಳೆಸಲು ಅನುಮತಿ ಕೊಟ್ಟರೂ ಅಂಗಡಿಗಳಲ್ಲಿ ಮುಕ್ತ ಮಾರಾಟಕ್ಕೆ ಬಿಡಲಿಲ್ಲ ಎಂಬುದನ್ನೂ ಗಮನಿಸಬೇಕು.

ಪರಂಪರೆಯ ಮಾತನ್ನು ನಾನು ಹಗುರವಾಗಿ ಕಾಣುವವನಲ್ಲ. ಕೃಷ್ಣಾ ತೀರದ ತಿಂಥಣಿ ಮೌನೇಶ್ವರನ ಜಾತ್ರೆಗೆ ನಾನು ಚಿಕ್ಕಂದಿನಿಂದ ಹೋಗುತ್ತಿದ್ದೇನೆ. ಅಲ್ಲಿಗೆ ಬರುವ ಸಾಧುಗಳಲ್ಲಿ, ಅವಧೂತ ಮತ್ತು ಆರೂಢ ಪರಂಪರೆಯವರಲ್ಲಿ, ಗಾಂಜಾವನ್ನು ಪ್ರಸಾದವೆಂದು ಭಾವಿಸಿ ಸೇದುವ ರೂಢಿಯನ್ನು ಕಂಡಿದ್ದೇನೆ. ಮನೆ ಬಿಟ್ಟು, ಧ್ಯಾನಕ್ಕೆ ಕುಳಿತ ಮುದುಕರು ಚಿಲುಮೆ ಹಚ್ಚುವುದಕ್ಕೂ, ಹದಿನೇಳರ ವಿದ್ಯಾರ್ಥಿ ಪಿಜಿ ಕೋಣೆಯಲ್ಲಿ ಕುಳಿತು ದಿನಕ್ಕೆ ಮೂರು ಸಲ ಸೇದುವುದಕ್ಕೂ ಸಂಬಂಧವಿಲ್ಲ. ಮೊದಲನೆಯದನ್ನು ತೋರಿಸಿ ಎರಡನೆಯದನ್ನು ಸಮರ್ಥಿಸುವುದು ಆ ಪರಂಪರೆಗೂ ಅಪಚಾರ, ಆ ಹುಡುಗನಿಗೂ ಅನ್ಯಾಯ. ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವರ್ಷವೊಂದರಲ್ಲಿ ಭಾಂಗ್, ಗಾಂಜಾ, ಚರಸ್ ಬಳಸಿದವರು ಸುಮಾರು 3.1 ಕೋಟಿ ಜನ. ಅವರಲ್ಲಿ ಚಿಕಿತ್ಸೆ ಅಥವಾ ನೆರವು ಬೇಕಾದವರು ಸುಮಾರು 72 ಲಕ್ಷ. ಮೂರು ಕೋಟಿ ಜನರನ್ನು ಜೈಲಿಗೆ ಕಳಿಸುವ ಯೋಚನೆ ಯಾರಿಗೂ ಇರಲಾರದು. 72 ಲಕ್ಷ ಜನರಿಗೆ ವೈದ್ಯರನ್ನು ಒದಗಿಸುವ ಯೋಚನೆ ಮಾತ್ರ ಎಲ್ಲರಿಗೂ ಇರಬೇಕು.

ಔಷಧ ಮತ್ತು ನಾರಿನ ವಿಷಯದಲ್ಲಿ ಹೆಚ್ಚು ವಾದ ಬೇಕಿಲ್ಲ. ಮಕ್ಕಳಲ್ಲಿ ಕಾಣಿಸುವ ಕೆಲವು ತೀವ್ರ ಮೂರ್ಛೆರೋಗಗಳಿಗೆ ಗಾಂಜಾ ಗಿಡದ ಅಮಲು ತರದ ಅಂಶದಿಂದ ತಯಾರಿಸಿದ ಔಷಧಕ್ಕೆ ಅಮೆರಿಕ 2018ರಲ್ಲಿ ಮಂಜೂರಾತಿ ಕೊಟ್ಟಿದೆ. ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ತೆಗೆಯುವ ನಿರ್ಣಯ 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಆಯೋಗದ ಮುಂದೆ ಬಂದಾಗ ಭಾರತವೂ ಅದರ ಪರ ಮತ ಹಾಕಿತು. ನಾರು ಮತ್ತು ಬೀಜಕ್ಕಾಗಿ ಬೆಳೆಯಲು ನಮ್ಮ ಕಾಯ್ದೆಯ 14ನೇ ಕಲಂ ಅವಕಾಶ ಕೊಡುತ್ತದೆ, ಉತ್ತರಾಖಂಡ ಆ ದಾರಿಯಲ್ಲಿ ಈಗಾಗಲೇ ಹೆಜ್ಜೆ ಇಟ್ಟಿದೆ.

ಸೇದುವವನ ವಿಷಯದಲ್ಲಿ ನನಗೆ ಸರಿಯೆನಿಸುವ ಮಾದರಿ ಪೋರ್ಚುಗಲ್‌ನದು. ಅಲ್ಲಿ 2001ರಿಂದ ಮಾದಕ ವಸ್ತು ಇಟ್ಟುಕೊಳ್ಳುವುದು ನಿಷಿದ್ಧವಾಗಿಯೇ ಉಳಿದಿದೆ. ಆದರೆ ಸ್ವಂತ ಬಳಕೆಯ ಹತ್ತು ದಿನದ ಪ್ರಮಾಣದವರೆಗೆ ಅದು ಅಪರಾಧ ಪ್ರಕರಣವಾಗುವುದಿಲ್ಲ. ಸಿಕ್ಕಿಬಿದ್ದವನು ನ್ಯಾಯಾಧೀಶರ ಮುಂದಲ್ಲ, ಮೂವರು ಸದಸ್ಯರ ಸಮಿತಿಯ ಮುಂದೆ ಹೋಗುತ್ತಾನೆ, ಅಗತ್ಯವಿದ್ದರೆ ಅಲ್ಲಿಂದ ಚಿಕಿತ್ಸೆಗೆ. ನಮ್ಮಲ್ಲಿಯೂ ಅಲ್ಪ ಪ್ರಮಾಣವನ್ನು ಅಪರಾಧದ ವ್ಯಾಪ್ತಿಯಿಂದ ಹೊರಗಿಡುವಂತೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವೇ 2021ರಲ್ಲಿ ಸಲಹೆ ನೀಡಿದ್ದಾಗಿ ವರದಿಯಾಗಿತ್ತು.

ಕಾಯ್ದೆಯ ತಿದ್ದುಪಡಿ ಸಂಸತ್ತಿನ ಕೆಲಸ, ಅದಕ್ಕೆ ಕಾಲ ಬೇಕು. ಆದರೆ ರಾಜ್ಯ ಸರ್ಕಾರ ನಾಳೆಯೇ ಮಾಡಬಹುದಾದ ಕೆಲಸಗಳಿವೆ. ಗಿಡಗಳನ್ನು ಜಪ್ತಿ ಮಾಡುವಾಗ ಹೂಗೊಂಚಲನ್ನು ಬೇರ್ಪಡಿಸಿ, ಪಂಚರ ಎದುರು ಪ್ರತ್ಯೇಕವಾಗಿ ತೂಗಿ ಬರೆಯಬೇಕೆಂದು ಪೊಲೀಸ್ ಮತ್ತು ಅಬಕಾರಿ ಸಿಬ್ಬಂದಿಗೆ ಒಂದು ಸುತ್ತೋಲೆ ಸಾಕು. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. 27ನೇ ಕಲಮಿನ ಆರೋಪಿಗಳನ್ನು ಆ ಮಂಗಳವಾರದ ಸರದಿಗೆ ಕಳಿಸಿ, ವೈದ್ಯರ ವರದಿ ಬರುವವರೆಗೆ ತಪ್ಪೊಪ್ಪಿಗೆಯನ್ನು ದಾಖಲಿಸದಿರುವಂತೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಪ್ರತಿ ಪ್ರಕರಣದಲ್ಲಿಯೂ ನ್ಯಾಯಾಲಯವನ್ನು ಕೋರಬೇಕು. ನಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿ ಅಂಥ ಹುಡುಗರ ಪರವಾಗಿ ಈ ಅರ್ಜಿ ಹಾಕಲು ನಾನು ಶುಲ್ಕ ಪಡೆಯುವುದಿಲ್ಲ. ನನ್ನ ಜೊತೆ ಇನ್ನೂ ಇಬ್ಬರು ಕಿರಿಯ ವಕೀಲರು ಒಪ್ಪಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ವಕೀಲ
ಯಾದಗಿರಿ ಜಿಲ್ಲೆ